ಹತ್ತಿಯ ನಾಡಿನಲ್ಲಿ ಕಿಡಿಯ ಎಚ್ಚರ

ರಾಯಚೂರು ಹತ್ತಿಗೆ ಹೆಸರಾದ ಊರು. ದೇವದುರ್ಗದ ಎರೆಹೊಲಗಳಲ್ಲಿ ಬಿಡಿಸಿದ ಹತ್ತಿ ರಾಯಚೂರಿನ ಮಾರುಕಟ್ಟೆಗೆ ಬಂದು, ಜಿನ್ನಿಂಗ್ ಗಿರಣಿಗಳಲ್ಲಿ ಅರಳೆಯೂ ಕಾಳೂ ಬೇರೆಯಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಮಾನ್ವಿಯ ಕಡೆ ಭತ್ತವೇ ಪ್ರಧಾನ. ಅಲ್ಲಿ ಅಕ್ಕಿ ಗಿರಣಿಗಳು. ಗಿರಣಿಯ ಒಡೆಯರಿಂದ ಹಿಡಿದು ಗುಮಾಸ್ತರು, ಹಮಾಲರು, ಹತ್ತಿ ಹಸನು ಮಾಡುವ ತಾಯಂದಿರವರೆಗೆ ಈ ಕಾಯಕವನ್ನೇ ನಂಬಿದ ಕುಟುಂಬಗಳು ನಮ್ಮಲ್ಲಿ ಬಹಳ. ಇವರೆಲ್ಲರ ಅನ್ನಕ್ಕೆ ಆಧಾರವಾದ ಹತ್ತಿ, ಹೊಟ್ಟು, ಗೋಣಿಚೀಲಗಳೇ ಬೆಂಕಿಗೂ ಆಹಾರವೆಂಬುದನ್ನು ನಾವು ಮರೆಯುವಂತಿಲ್ಲ.

ಬೆಂಕಿ ಹುಟ್ಟಲು ಮೂರು ಸಂಗತಿಗಳು ಕೂಡಬೇಕು: ಉರಿಯುವ ವಸ್ತು, ಗಾಳಿಯಲ್ಲಿರುವ ಆಮ್ಲಜನಕ ಮತ್ತು ಸಾಕಷ್ಟು ಶಾಖ. ಇವುಗಳಲ್ಲಿ ಒಂದನ್ನು ಕಿತ್ತರೂ ಬೆಂಕಿ ಆರುತ್ತದೆ. ಗಿರಣಿಯಲ್ಲಿ ಮೊದಲ ಎರಡಕ್ಕೆ ಎಂದೂ ಕೊರತೆಯಿಲ್ಲ, ಮೂರನೆಯದಕ್ಕಾಗಿಯೇ ಕಾವಲಿರಬೇಕು. ಹತ್ತಿಯೊಡನೆ ಬಂದ ಕಲ್ಲಿನ ಚೂರೋ ಕಬ್ಬಿಣದ ಮೊಳೆಯೋ ಯಂತ್ರಕ್ಕೆ ಉಜ್ಜಿದರೆ ಕಿಡಿ ಹಾರುತ್ತದೆ. ಎಣ್ಣೆ ಕಾಣದ ಬೇರಿಂಗು ಕಾಯುತ್ತದೆ. ಸಡಿಲವಾದ ತಂತಿ ಬಿಸಿಯಾಗುತ್ತದೆ. ಯಾರೋ ಎಸೆದ ಬೀಡಿಯ ತುಂಡು ಸಾಕಾದೀತು. ಮೋಟಾರಿನ ಮೇಲೂ ತೊಲೆಗಳ ಮೇಲೂ ಕೂತ ಅರಳೆಯ ಧೂಳನ್ನು ದಿನವೂ ಗುಡಿಸಿ ತೆಗೆಯುವುದು ಎಲ್ಲಕ್ಕಿಂತ ಅಗ್ಗದ ರಕ್ಷಣೆ.

ಹತ್ತಿಯ ಬೆಂಕಿಯ ಸ್ವಭಾವವೇ ಬೇರೆ. ಮೇಲಿನ ಜ್ವಾಲೆ ಆರಿದರೂ ಬೇಲಿನ ಒಳಗೆ ಕೆಂಡ ಹೊಗೆಯಾಡುತ್ತಲೇ ಇರುತ್ತದೆ. ಇದಕ್ಕೆ ಇತಿಹಾಸದ ಸಾಕ್ಷಿಯುಂಟು. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ನಿಂತಿದ್ದ 'ಫೋರ್ಟ್ ಸ್ಟಿಕೀನ್' ಎಂಬ ಹಡಗಿನಲ್ಲಿ ಸಾವಿರಾರು ಹತ್ತಿ ಬೇಲುಗಳೂ ಯುದ್ಧದ ಸ್ಫೋಟಕಗಳೂ ಒಟ್ಟಿಗಿದ್ದವು. ಮಧ್ಯಾಹ್ನ ಹೊಗೆ ಕಂಡಿತು. ಅಗ್ನಿಶಾಮಕರು ಎಡೆಬಿಡದೆ ನೀರು ಹಾಯಿಸಿದರೂ ಹಡಗಿನ ಒಡಲಿನ ಬೆಂಕಿ ಕೈಗೆ ಸಿಗಲಿಲ್ಲ. ಸಂಜೆ ನಾಲ್ಕು ಗಂಟೆ ದಾಟುತ್ತಲೇ ಹಡಗು ಸಿಡಿಯಿತು. ನೂರಾರು ಜನರೊಡನೆ 66 ಮಂದಿ ಅಗ್ನಿಶಾಮಕರು ಪ್ರಾಣ ತೆತ್ತರು. ಅವರ ಸ್ಮರಣೆಗಾಗಿಯೇ ಏಪ್ರಿಲ್ 14 ನಮ್ಮ ದೇಶದಲ್ಲಿ ಅಗ್ನಿಶಾಮಕ ಸೇವಾ ದಿನವಾಗಿದೆ.

ಗೋಡೆಯ ಮೇಲೆ ತೂಗುವ ಕೆಂಪು ಸಿಲಿಂಡರುಗಳೆಲ್ಲ ಒಂದೇ ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಅವುಗಳಲ್ಲಿ ಭೇದವಿದೆ. ನೀರಿನ ಸಿಲಿಂಡರು ಹತ್ತಿ, ಹೊಟ್ಟು, ಕಟ್ಟಿಗೆ, ಕಾಗದಗಳಿಗೆ ಯೋಗ್ಯ. ವಿದ್ಯುತ್ ಹರಿಯುತ್ತಿರುವ ಕಡೆ ಅದನ್ನು ಬಳಸಿದರೆ ಪ್ರಾಣಕ್ಕೆ ಕುತ್ತು, ಉರಿಯುವ ಎಣ್ಣೆಗೆ ಬಳಸಿದರೆ ಬೆಂಕಿ ಚೆಲ್ಲಿ ಹರಡುತ್ತದೆ. ನೊರೆಯ ಸಿಲಿಂಡರು ಡೀಸೆಲ್, ಪೆಟ್ರೋಲುಗಳಿಗೆ ತಕ್ಕದ್ದು. ಇಂಗಾಲದ ಡೈಆಕ್ಸೈಡಿನದು ವಿದ್ಯುತ್ ಫಲಕ, ಮೋಟಾರುಗಳಿಗೆ ಒಳ್ಳೆಯದು. ಆದರೆ ಅದರ ಕೊಂಬನ್ನು ಬರಿಗೈಯಲ್ಲಿ ಹಿಡಿದರೆ ಅತಿಶೀತದಿಂದ ಕೈ ಸುಡುತ್ತದೆ, ಇಕ್ಕಟ್ಟಾದ ಕೋಣೆಯಲ್ಲಿ ಉಸಿರುಕಟ್ಟುತ್ತದೆ. 'ಎಬಿಸಿ' ಎಂದು ಬರೆದಿರುವ ಒಣಪುಡಿಯ ಸಿಲಿಂಡರು ಬಹುತೇಕ ಎಲ್ಲ ಸಾಮಾನ್ಯ ಬೆಂಕಿಗಳಿಗೂ ಬರುತ್ತದೆ. ಆದರೂ ಪುಡಿಯಿಂದ ಹತ್ತಿಯ ಜ್ವಾಲೆ ಅಡಗಿತೆಂದು ನಿಶ್ಚಿಂತರಾಗಬಾರದು. ವಿದ್ಯುತ್ತನ್ನು ನಿಲ್ಲಿಸಿ, ರಾಶಿಯನ್ನು ಬಿಡಿಸಿ, ನೀರಿನಿಂದ ಚೆನ್ನಾಗಿ ತೋಯಿಸಿ, ಬಹುಹೊತ್ತು ಕಾಯಬೇಕು.

ಬಳಸುವ ಕ್ರಮ ಸರಳವಾಗಿದೆ. ಮೊದಲು ಕೂಗಿ ಎಲ್ಲರನ್ನೂ ಎಚ್ಚರಿಸಿ, ಒಬ್ಬರಿಂದ 101 ಅಥವಾ 112ಕ್ಕೆ ದೂರವಾಣಿ ಮಾಡಿಸಬೇಕು. ಬಾಗಿಲು ಬೆನ್ನ ಹಿಂದಿರುವಂತೆ, ಬಯಲಿನಲ್ಲಾದರೆ ಗಾಳಿಯೂ ಬೆನ್ನಿಗಿರುವಂತೆ, ಬೆಂಕಿಯಿಂದ ಎರಡು ಮೂರು ಮೀಟರು ದೂರ ನಿಲ್ಲಬೇಕು. ಪಿನ್ನನ್ನು ಎಳೆದು, ನಳಿಗೆಯನ್ನು ಜ್ವಾಲೆಯ ತುದಿಗಲ್ಲದೆ ಬುಡಕ್ಕೆ ಹಿಡಿದು, ಹಿಡಿಯನ್ನು ಒತ್ತಿ, ಕಸ ಗುಡಿಸುವಂತೆ ಎಡಬಲಕ್ಕೆ ಆಡಿಸಬೇಕು. ಸಾಮಾನ್ಯವಾದ ಪುಡಿಯ ಸಿಲಿಂಡರು ಅರ್ಧ ನಿಮಿಷದೊಳಗೆ ಬರಿದಾಗುತ್ತದೆ. ಕಸದ ಬುಟ್ಟಿಯಷ್ಟಿರುವ ಬೆಂಕಿಗೆ ಅದು ಸಾಕು. ಛಾವಣಿ ಮುಟ್ಟಿದ ಬೆಂಕಿಗೆ ಸಾಲದು. ಒಂದು ಸಿಲಿಂಡರು ಮುಗಿದರೂ ಬೆಂಕಿ ಆರದಿದ್ದರೆ ಹೊರಗೆ ಬರುವುದೇ ವಿವೇಕ. ಸುಟ್ಟ ಸರಕನ್ನು ಮತ್ತೆ ಗಳಿಸಬಹುದು.

ಹೊರಗೆ ಬರಲು ದಾರಿಯೇ ಇಲ್ಲದಿದ್ದರೆ ಈ ವಿವೇಕಕ್ಕೆ ಬೆಲೆಯೇನು? 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಬಿದ್ದಾಗ ಮೇಲಿನ ಅಂತಸ್ತುಗಳಿಗೆ ದಟ್ಟವಾದ ಹೊಗೆ ಏರಿತು. 9 ಜನ ಅಸುನೀಗಿದರು. ಜ್ವಾಲೆಗಿಂತ ಹೊಗೆ ಬೇಗ ಕೊಲ್ಲುತ್ತದೆಂಬುದು ಆ ದುರಂತದ ಪಾಠ. ಹೊಗೆ ಮೇಲಕ್ಕೇರುವುದರಿಂದ ನೆಲಕ್ಕೆ ಬಾಗಿ ಇಲ್ಲವೆ ತೆವಳಿ ಸಾಗಬೇಕು. 1948ರ ಕಾರ್ಖಾನೆ ಕಾಯ್ದೆಯೇ ತನ್ನ 38ನೆಯ ಕಲಮಿನಲ್ಲಿ ಪಾರಾಗುವ ದಾರಿಯಿರಬೇಕೆಂದೂ ಕಾರ್ಮಿಕರಿಗೆ ಅದರ ಪರಿಚಯವಿರಬೇಕೆಂದೂ ವಿಧಿಸಿತ್ತು. ಕಳ್ಳತನದ ಭಯದಿಂದ ಹಿಂಬಾಗಿಲಿಗೆ ಬೀಗ ಜಡಿದು, ಒಳಗೆ ಹೆಣ್ಣುಮಕ್ಕಳನ್ನು ದುಡಿಸುವುದು ಯಾವ ಧರ್ಮಕ್ಕೂ ಸಲ್ಲದು.

ಸಿಲಿಂಡರನ್ನು ತಿಂಗಳಿಗೊಮ್ಮೆಯಾದರೂ ನೋಡಬೇಕು. ಒತ್ತಡ ತೋರಿಸುವ ಮುಳ್ಳು ಹಸಿರು ಭಾಗದಲ್ಲಿರಬೇಕು, ಮುದ್ರೆ ಒಡೆದಿರಬಾರದು, ಕೊಳವೆ ಬಿರುಕು ಬಿಟ್ಟಿರಬಾರದು. ಇಂಗಾಲದ ಡೈಆಕ್ಸೈಡಿನ ಸಿಲಿಂಡರಿಗೆ ಸಾಮಾನ್ಯವಾಗಿ ಮುಳ್ಳು ಇರುವುದಿಲ್ಲವಾದ್ದರಿಂದ ತೂಕ ಮಾಡಿಸಿ ತಿಳಿಯಬೇಕು. ಒಮ್ಮೆ ಸ್ವಲ್ಪವೇ ಬಳಸಿದರೂ ಮತ್ತೆ ತುಂಬಿಸಲೇಬೇಕು. ಅದರ ಮುಂದೆ ಚೀಲಗಳ ಥಪ್ಪಿ ಹಾಕಿದರೆ ಇದ್ದೂ ಇಲ್ಲದಂತೆ.

ಉಟ್ಟ ಬಟ್ಟೆಗೆ ಬೆಂಕಿ ಹತ್ತಿದರೆ ಓಡಬಾರದು. ಓಡಿದಷ್ಟೂ ಉರಿ ಹೆಚ್ಚುತ್ತದೆ. ನಿಂತಲ್ಲೇ ನೆಲಕ್ಕುರುಳಿ ಹೊರಳಬೇಕು; ಹತ್ತಿರವಿದ್ದವರು ದಪ್ಪನೆಯ ಕಂಬಳಿ ಹೊದಿಸಬೇಕು. ಸುಟ್ಟ ಗಾಯಕ್ಕೆ ಶಾಯಿ, ಹಲ್ಲುಪುಡಿ, ಎಣ್ಣೆ ಯಾವುದನ್ನೂ ಸವರದೆ, ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಹಿಡಿದು, ಶುಚಿಯಾದ ಬಟ್ಟೆ ಮುಚ್ಚಿ, ಆಸ್ಪತ್ರೆಗೆ ಸಾಗಿಸಬೇಕು. ಈ ಮಾತು ಮನೆಯ ಒಲೆಗೂ ಮಠದ ದಾಸೋಹದ ಅಡಿಗೆಮನೆಗೂ ಸಮಾನವಾಗಿ ಅನ್ವಯಿಸುತ್ತದೆ.

ಗಿರಣಿ ನಡೆಸುವ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಹೊಸ ಹತ್ತಿ ಬರುವ ಮೊದಲು ಒಂದು ದಿನ ಒಂದು ತಾಸು ಯಂತ್ರಗಳನ್ನು ನಿಲ್ಲಿಸಿರಿ. ಅಗ್ನಿಶಾಮಕ ಠಾಣೆಯವರನ್ನು ಕರೆಸಿ, ಕಸ ಗುಡಿಸುವ ತಾಯಿಯಿಂದ ಹಿಡಿದು ಪ್ರತಿಯೊಬ್ಬರ ಕೈಗೂ ಸಿಲಿಂಡರು ಕೊಟ್ಟು ಕಲಿಸಿರಿ. ಕಿಡಿ ಬೀಳುವಾಗ ಮೊದಲು ಹತ್ತಿರದಲ್ಲಿರುವವರು ಅವರೇ. ದುಡಿಯಲು ಹೋಗುವವರ ಮನೆಯವರೂ ಇಂದು ಸಂಜೆ ಒಂದು ಪ್ರಶ್ನೆ ಕೇಳಲಿ: "ನೀವು ಕೆಲಸ ಮಾಡುವಲ್ಲಿ ಸಿಲಿಂಡರು ಎಲ್ಲಿದೆ, ಎರಡನೆಯ ಬಾಗಿಲು ಯಾವ ಕಡೆಗಿದೆ?" ಉತ್ತರ ತಡವರಿಸಿದರೆ, ನಾಳೆಯೇ ನೋಡಿ ಬರಲು ಹೇಳಿರಿ.