ವೆಬ್‌ಸೈಟ್ ಕಟ್ಟಿಸಿದ ಮೇಲೆ ನೋಡಿಕೊಳ್ಳುವವರು ಯಾರು?

2025ರ ನವೆಂಬರ್‌ನಲ್ಲಿ ತೆಲಂಗಾಣ ಹೈಕೋರ್ಟಿನ ವೆಬ್‌ಸೈಟಿನಿಂದ ಆದೇಶದ ಪ್ರತಿ ಇಳಿಸಿಕೊಳ್ಳಲು ಹೋದವರು ಜೂಜಿನ ತಾಣವೊಂದಕ್ಕೆ ಹೋಗಿ ಬಿದ್ದರು. ಅದು ಹೈಕೋರ್ಟಾದ್ದರಿಂದ ಸುದ್ದಿಯಾಯಿತು, ಕೇಸೂ ಆಯಿತು. ಇದೇ ಗತಿ ತಾಂಡೂರಿನ ಕಲ್ಲಿನ ವ್ಯಾಪಾರಿಯ ಸೈಟಿಗೋ ಧಾರೂರಿನ ಒಂದು ಶಾಲೆಯ ಸೈಟಿಗೋ ಬಂದರೆ ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗದೆ ಹೋಗಬಹುದು.

ಗೊತ್ತಾಗದಂತೆ ನೋಡಿಕೊಳ್ಳುವುದೇ ಕಳ್ಳನ ಕಸುಬು. ಎಷ್ಟೋ ಸಲ ಗೂಗಲ್‌ನಲ್ಲಿ ಹುಡುಕಿ ಬಂದವರಿಗೆ ಮಾತ್ರ ಜೂಜಿನ ಪುಟ ತೆರೆದುಕೊಳ್ಳುತ್ತದೆ. ವಿಳಾಸ ಟೈಪ್ ಮಾಡಿ ನೇರವಾಗಿ ಬರುವ ಮಾಲೀಕರಿಗೆ ಎಂದಿನ ಮುಖಪುಟವೇ. ‘ನಮ್ಮದು ಚೆನ್ನಾಗೇ ಇದೆಯಲ್ಲ’ ಎಂದು ಅವರು ಸುಮ್ಮನಿರುತ್ತಾರೆ. ಸೇಡಂನಿಂದಲೋ ಚಿಂಚೋಳಿಯಿಂದಲೋ ಹುಡುಕಿದ ಗಿರಾಕಿ ಹೆದರಿ ಫೋನು ಮುಚ್ಚಿಡುತ್ತಾನೆ. ಬ್ರೌಸರ್ ಕೆಂಪು ಎಚ್ಚರಿಕೆ ತೋರಿಸಿದಾಗ, ಇಲ್ಲವೇ ಹೋಸ್ಟಿಂಗ್ ಕಂಪನಿ ಖಾತೆಯನ್ನೇ ಅಮಾನತು ಮಾಡಿದಾಗ ವಿಷಯ ಹೊರಬೀಳುತ್ತದೆ.

ಕಂಪನಿಗೆ ಬೇರೆ ದಾರಿಯೂ ಇಲ್ಲ. ಅಗ್ಗದ ಶೇರ್ಡ್ ಹೋಸ್ಟಿಂಗ್ ಎಂದರೆ ಒಂದು ವಠಾರ. ಒಂದೇ ಸರ್ವರಿನಲ್ಲಿ ನೂರಾರು ಸೈಟುಗಳು. ಒಂದು ಸೈಟಿನಿಂದ ಸ್ಪ್ಯಾಮ್ ಇಮೇಲ್ ಹೊರಟರೆ ಸರ್ವರಿನ ಐಪಿ ವಿಳಾಸವೇ ಕಪ್ಪುಪಟ್ಟಿ ಸೇರಿ, ಏನೂ ಮಾಡದವರ ಪತ್ರವೂ ತಲುಪುವುದಿಲ್ಲ. ಅದಕ್ಕೇ ಕರಾರಿನಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ: ಸರ್ವರಿನ ಆಪರೇಟಿಂಗ್ ಸಿಸ್ಟಮ್ ಕಂಪನಿಯ ಹೊಣೆ; ಅದರ ಮೇಲೆ ಗ್ರಾಹಕ ಹಾಕಿಕೊಂಡ ವರ್ಡ್‌ಪ್ರೆಸ್ ಎಂಬ ಸೈಟು ಕಟ್ಟುವ ತಂತ್ರಾಂಶ, ಅದರ ವಿನ್ಯಾಸದ ಥೀಮ್, ಹೆಚ್ಚುವರಿ ಸೌಲಭ್ಯದ ಪ್ಲಗಿನ್‌ಗಳು ಗ್ರಾಹಕನ ಹೊಣೆ. ಆ ಕರಾರನ್ನು ಓದದೆಯೇ ಒಪ್ಪಿಗೆಯ ಗುರುತು ಹಾಕಿದವನು ಸೈಟು ಮಾಡಿಕೊಟ್ಟ ಹುಡುಗ. ಜಹೀರಾಬಾದ್, ನಾರಾಯಣಖೇಡದವರು ಹೈದರಾಬಾದಿನಲ್ಲೋ ಬೀದರಿನಲ್ಲೋ ಒಬ್ಬನಿಗೆ ದುಡ್ಡು ಕೊಟ್ಟು ಸೈಟು ಮಾಡಿಸಿರುತ್ತಾರೆ. ಹುಡುಗ ನೋಡಿಕೊಳ್ಳುತ್ತಾನೆಂದು ಮಾಲೀಕರು, ಕಂಪನಿ ನೋಡಿಕೊಳ್ಳುತ್ತದೆಂದು ಹುಡುಗ. ಕಂಪನಿ ಕರಾರು ತೋರಿಸುತ್ತದೆ.

ನೋಡಿಕೊಳ್ಳುವುದೆಂದರೆ ಮುಖ್ಯವಾಗಿ ಹೊಸ ಆವೃತ್ತಿ ಬಂದ ಕೂಡಲೇ ಅಪ್‌ಡೇಟ್ ಮಾಡುವುದು. ಅದಕ್ಕೆ ಅವಸರ ಯಾಕೆಂದರೆ, ಸರಿಪಡಿಸಿದ ಆವೃತ್ತಿ ಹೊರಬಂದ ಕ್ಷಣವೇ ತೂತು ಎಲ್ಲಿತ್ತೆಂಬುದು ಕಳ್ಳರಿಗೂ ತಿಳಿಯುತ್ತದೆ. ಹಳೆಯ, ಹೊಸ ಕೋಡ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು. 2014ರ ಅಕ್ಟೋಬರ್ 15ರಂದು, ನಮ್ಮ ಗಡಿಯಾರದಲ್ಲಿ ರಾತ್ರಿ ಒಂಬತ್ತೂವರೆಯ ಹೊತ್ತಿಗೆ, ವರ್ಡ್‌ಪ್ರೆಸ್‌ನಂಥದೇ ದ್ರುಪಲ್ ತಂತ್ರಾಂಶದ ಒಂದು ದೊಡ್ಡ ದೋಷಕ್ಕೆ ತಿದ್ದುಪಡಿ ಬಂತು. 7 ಗಂಟೆಯೊಳಗೆ ಅದನ್ನು ಹಾಕಿಕೊಳ್ಳದ ಪ್ರತಿ ಸೈಟಿಗೂ ಕಳ್ಳರು ನುಗ್ಗಿದ್ದಾರೆಂದೇ ತಿಳಿಯಿರಿ ಎಂದು ದ್ರುಪಲ್‌ನ ಭದ್ರತಾ ತಂಡವೇ ಆಮೇಲೆ ಹೇಳಿತು. ಅಂದರೆ ಬೆಳಗಿನ ನಾಲ್ಕೂವರೆಗೇ ಕಾಲ ಮೀರಿತ್ತು.

ಅದೇ ವರ್ಷದ ಡಿಸೆಂಬರಿನ ಸೋಕ್‌ಸೋಕ್ ದಾಳಿ ಇನ್ನೊಂದು ಬಗೆಯದು. ವರ್ಡ್‌ಪ್ರೆಸ್‌ನ ರೆವಲ್ಯೂಷನ್ ಸ್ಲೈಡರ್ ಎಂಬ ಪ್ಲಗಿನ್ ಮೂಲಕ ಒಂದು ಲಕ್ಷಕ್ಕೂ ಹೆಚ್ಚು ಸೈಟುಗಳು ಕೆಟ್ಟವು. ಗೂಗಲ್ 11,000ಕ್ಕೂ ಹೆಚ್ಚು ವಿಳಾಸಗಳನ್ನು ತಡೆಹಿಡಿಯಿತು. ಆ ದೋಷಕ್ಕೆ ತಿದ್ದುಪಡಿ ಬಂದು ತಿಂಗಳುಗಳೇ ಆಗಿದ್ದವು. ಆದರೆ ಕೊಂಡ ಥೀಮಿನ ಹೊಟ್ಟೆಯೊಳಗೇ ಆ ಪ್ಲಗಿನ್ ಸೇರಿಕೊಂಡಿದ್ದರಿಂದ ಅದು ತಮ್ಮಲ್ಲಿದೆ ಎಂಬುದೇ ಎಷ್ಟೋ ಮಾಲೀಕರಿಗೆ ತಿಳಿದಿರಲಿಲ್ಲ. ಗೆಳೆಯರಿಂದ ಪುಕ್ಕಟೆ ಸಿಕ್ಕ ಪೈರಸಿ ಥೀಮ್‌ಗಳಂತೂ ಇನ್ನೂ ಕೆಟ್ಟವು. ಎಷ್ಟೋ ಸಲ ಹಿಂಬಾಗಿಲು ಅವುಗಳಲ್ಲೇ ಇರುತ್ತದೆ.

2013ರ 3.7ನೇ ಆವೃತ್ತಿಯಿಂದ ವರ್ಡ್‌ಪ್ರೆಸ್ ಸಣ್ಣ ಭದ್ರತಾ ತಿದ್ದುಪಡಿಗಳನ್ನು ತಾನೇ ಹಾಕಿಕೊಳ್ಳುತ್ತದೆ. ಪ್ಲಗಿನ್, ಥೀಮ್‌ಗಳಿಗೆ ಆ ಸೌಲಭ್ಯ 2020ರ 5.5ರಲ್ಲಿ ಡ್ಯಾಶ್‌ಬೋರ್ಡಿಗೆ ಬಂತು. ಆದರೆ ಅದನ್ನು ನಾವೇ ಆನ್ ಮಾಡಬೇಕು. ಅಪ್‌ಡೇಟ್ ಮಾಡಿದರೆ ಸೈಟು ಮುರಿಯುತ್ತದೆ ಎಂಬ ಡಿಸೈನರ್‌ಗಳ ಭಯ ಸುಳ್ಳಲ್ಲ. ಅದಕ್ಕೆ ಮದ್ದು ಬ್ಯಾಕಪ್, ಅದೂ ಬೇರೆ ಜಾಗದಲ್ಲಿ. ಅದೇ ಸರ್ವರಿನಲ್ಲಿ ಇಟ್ಟ ಬ್ಯಾಕಪ್ ಸೈಟಿನ ಜೊತೆಗೇ ಹೋಗುತ್ತದೆ. ಇನ್ನು ವರ್ಡ್‌ಪ್ರೆಸ್ಸನ್ನು ಓಡಿಸುವ ಪಿಎಚ್‌ಪಿ ಭಾಷೆಯ ಆವೃತ್ತಿ ಯಾವುದೆಂದೂ ಕೇಳಿ. 7.4ಕ್ಕೆ ಭದ್ರತಾ ತಿದ್ದುಪಡಿ ನಿಂತದ್ದು 2022ರ ನವೆಂಬರ್ 28ಕ್ಕೆ.

ಹೋಸ್ಟಿಂಗ್ ನವೀಕರಣದ ಬಿಲ್ಲು ಬಂದಾಗ ಮಾಡಿಕೊಟ್ಟವರನ್ನು ಕರೆದು ಅಪ್‌ಡೇಟ್ ಯಾರ ಕೆಲಸ, ವರ್ಷಕ್ಕೆ ಎಷ್ಟು ಎಂದು ಕಾಗದದ ಮೇಲೆ ಬರೆಸಿಕೊಳ್ಳಿ. ಡೊಮೇನ್ ನಿಮ್ಮ ಹೆಸರಿನಲ್ಲಿ, ಪಾಸ್‌ವರ್ಡ್ ನಿಮ್ಮ ಕೈಯಲ್ಲಿ ಇರಲಿ. ಅದಕ್ಕೂ ದುಡ್ಡು, ಪುರಸೊತ್ತು ಇಲ್ಲವೆನ್ನುವವರಿಗೆ ನನ್ನ ಸಲಹೆ ಬೇರೆ: ಕಲ್ಲಿನ ಹತ್ತು ಚಿತ್ರ, ದರ, ಫೋನ್ ನಂಬರು ಇಷ್ಟೇ ಬೇಕಿದ್ದರೆ ವರ್ಡ್‌ಪ್ರೆಸ್ಸೇ ಬೇಡ. ಬರೀ ಎಚ್‌ಟಿಎಂಎಲ್ ಪುಟ ಮಾಡಿಸಿ. ಅಪ್‌ಡೇಟ್ ಮಾಡಬೇಕಾದ ಪ್ಲಗಿನ್ ಅದರಲ್ಲಿ ಒಂದೂ ಇರುವುದಿಲ್ಲ.