ಗಿರಣಿಯ ನೆಲ ಯಾರ ಪಾಲು?

ಮುಂಬೈನ ಲೋವರ್ ಪರೇಲ್‌ನಲ್ಲಿ ಫೀನಿಕ್ಸ್ ಮಿಲ್ ಇದ್ದ ಜಾಗದಲ್ಲಿ ಇಂದು ದೊಡ್ಡ ಮಾಲ್ ಇದೆ. ಹಳೆಯ ಚಿಮಣಿಯನ್ನು ಮಾತ್ರ ಉಳಿಸಿಕೊಂಡಿದ್ದಾರೆ. ಹಳೆಯ ಕಾರ್ಖಾನೆಯ ಮರುಬಳಕೆ ಎಂದರೆ ಇಷ್ಟೇ ಎಂದು ಒಪ್ಪಿಕೊಳ್ಳುವುದು ತಪ್ಪು. ಅದು ನಿಂತಿದ್ದ ನೆಲದಲ್ಲಿ ಊರಿಗೂ ದುಡಿದವರಿಗೂ ಪಾಲು ಸಿಕ್ಕಿತೇ ಎಂಬುದೇ ಮೊದಲ ಪ್ರಶ್ನೆಯಾಗಬೇಕು. ಕಾವಸ್‌ಜಿ ದಾವರ್ ಸ್ಥಾಪಿಸಿದ ಗಿರಣಿ 1856ರಲ್ಲಿ ನೂಲು ತೆಗೆಯತೊಡಗಿದ ಮೇಲೆ ಈ ನಗರ ಬೆಳೆದದ್ದೇ ಬಟ್ಟೆಯಿಂದ. ಕೊಂಕಣದಿಂದ, ಘಟ್ಟದ ಮೇಲಿನ ಊರುಗಳಿಂದ ಬಂದ ಗಂಡಸರು ಚಾಳ್‌ನ ಒಂದೇ ಕೋಣೆಯಲ್ಲಿ ಗುಂಪಾಗಿ ಇರುತ್ತಿದ್ದರು; ಒಂದು ಪಾಳಿಯವನು ಎದ್ದು ಹೋದ ಜಾಗದಲ್ಲಿ ಇನ್ನೊಂದು ಪಾಳಿಯವನು ಬಂದು ಮಲಗುತ್ತಿದ್ದ. ಅವರಿಗೆ ಊಟ ಹಾಕುತ್ತಿದ್ದದ್ದು ಹೆಂಗಸರು ನಡೆಸುತ್ತಿದ್ದ ಖಾನಾವಳಿಗಳು. 1982ರ ಜನವರಿಯಲ್ಲಿ ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಸುಮಾರು 2.5 ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಅನೇಕರಿಗೆ ಮತ್ತೆ ಕೆಲಸ ಸಿಗಲೇ ಇಲ್ಲ.

1991ರಲ್ಲಿ ಸರ್ಕಾರ ತಂದ ಅಭಿವೃದ್ಧಿ ನಿಯಂತ್ರಣದ 58ನೇ ನಿಯಮ ನ್ಯಾಯವಾಗಿಯೇ ಇತ್ತು. ಗಿರಣಿ ಜಾಗದಲ್ಲಿ ಹೊಸದಾಗಿ ಕಟ್ಟುವುದಾದರೆ ಸ್ಥೂಲವಾಗಿ ಮೂರರಲ್ಲೊಂದು ಪಾಲು ಮೈದಾನ, ಉದ್ಯಾನಗಳಿಗೆಂದು ಪಾಲಿಕೆಗೆ, ಇನ್ನೊಂದು ಮನೆ ಕಟ್ಟಲು ರಾಜ್ಯದ ವಸತಿ ಸಂಸ್ಥೆ ಮ್ಹಾಡಾಗೆ, ಉಳಿದದ್ದು ಮಾಲೀಕರಿಗೆ. 2001ರ ತಿದ್ದುಪಡಿ ಈ ಲೆಕ್ಕವನ್ನು ಖಾಲಿ ಜಾಗಕ್ಕಷ್ಟೇ ಸೀಮಿತಗೊಳಿಸಿತು. ಗಿರಣಿಯೊಳಗೆ ಖಾಲಿ ಜಾಗ ಎಲ್ಲಿಂದ ಬರಬೇಕು? ಮಗ್ಗಗಳಿಗೆ ಒಂದೇ ಸಮನಾದ ಬೆಳಕು ಬೀಳಲೆಂದು ಗರಗಸದ ಹಲ್ಲಿನಂಥ ಛಾವಣಿ ಹೊದಿಸಿದ ಶೆಡ್ಡುಗಳು ಒಂದೇ ಅಂತಸ್ತಿನಲ್ಲಿ ಆವರಣದ ತುಂಬ ಹರಡಿದ್ದವು. ಊರಿನ ಪಾಲು ಹೀಗೆ ಕರಗಿತು. ಬಾಂಬೆ ಹೈಕೋರ್ಟ್ ತಡೆದರೂ, 2006ರಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಭಿವಂಡಿಯ ಪವರ್‌ಲೂಮ್‌ಗಳ ಮುಂದೆ ಈ ಗಿರಣಿಗಳು ಸೋತಿದ್ದವು, ನೆಲ ಮಾರದೆ ಕಾರ್ಮಿಕರ ಬಾಕಿಯನ್ನಾದರೂ ತೀರಿಸುವುದು ಹೇಗೆ ಎಂದು ಮಾಲೀಕರ ಪರ ವಾದಿಸುವವರು ಕೇಳುತ್ತಾರೆ. ಸೋತದ್ದು ನಿಜ, ಮಾರಲೇಬಾರದು ಎಂದು ನಾನೂ ಹೇಳುವುದಿಲ್ಲ. ಮೂರರಲ್ಲೆರಡು ಪಾಲು ಬಿಟ್ಟುಕೊಡಬೇಕೆಂದರೆ ಯಾವ ಮಾಲೀಕನೂ ಮುಂದೆ ಬರುವುದಿಲ್ಲ ಎಂಬ ವಾದದಲ್ಲೂ ಹುರುಳಿದೆ, ಏಕೆಂದರೆ 1991ರ ನಂತರ ಬಂದವರು ಕಡಿಮೆಯೇ. ಆದರೆ ಅದಕ್ಕೆ ಪಾಲಿನ ಪ್ರಮಾಣ ತಗ್ಗಿಸಬಹುದಿತ್ತು. ಲೆಕ್ಕದ ಬುಡವನ್ನೇ ಕೀಳಬೇಕಿರಲಿಲ್ಲ. 2005ರಲ್ಲಿ ರಾಷ್ಟ್ರೀಯ ಜವಳಿ ನಿಗಮದ ಮುಂಬೈ ಟೆಕ್ಸ್‌ಟೈಲ್ ಮಿಲ್ಸ್‌ನ ಸುಮಾರು 17 ಎಕರೆ 702 ಕೋಟಿ ರೂಪಾಯಿಗೆ ಹೋಯಿತು. ಅಷ್ಟು ಬೆಲೆ ತಂದದ್ದು ಗೋಡೆ, ಯಂತ್ರಗಳಲ್ಲ. ರೈಲು, ರಸ್ತೆ, ಸುತ್ತಲಿನ ಜನ. ಊರು ತಂದುಕೊಟ್ಟ ಬೆಲೆಯಲ್ಲಿ ಊರು ಪಾಲು ಕೇಳಿದರೆ ಅದು ಕಸಿದುಕೊಳ್ಳುವುದಾಗುವುದಿಲ್ಲ. ಇನ್ನು ದುಡಿದವರ ಪಾಲಿಗೆ ಬಂದರೆ, ಮನೆಗಾಗಿ ಲಕ್ಷಕ್ಕೂ ಹೆಚ್ಚು ಗಿರಣಿ ಕಾರ್ಮಿಕರು, ವಾರಸುದಾರರು ಅರ್ಜಿ ಹಾಕಿದರು. ಮ್ಹಾಡಾ ಲಾಟರಿ ಎತ್ತಿ ಹಂಚಿತು. ಕೆಲವರ ಹೆಸರಿಗೆ ಬಂದ ಮನೆ ಪರೇಲ್‌ನಲ್ಲಲ್ಲ, ನಗರದಾಚೆ ಪನವೇಲ್ ಬಳಿಯ ಕೋನ್‌ನಲ್ಲಿತ್ತು.