ಸ್ಕ್ಯಾನಿಂಗ್ ಯಂತ್ರದ ಹೊರಮೈ ನಮ್ಮ ಊರಿಗೆ ಹೊಂದಲಿ

ದಾವಣಗೆರೆ ಒಂದೇ ಜಿಲ್ಲೆಯಾದರೂ ಅದರೊಳಗಿನ ಹವೆ ಒಂದೇ ಅಲ್ಲ. ಚನ್ನಗಿರಿಯಲ್ಲಿ ಸೂಳೆಕೆರೆಯ ನೀರು, ಅಡಿಕೆ ತೋಟ, ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಒಲೆಗಳ ಹೊಗೆ. ಹೊನ್ನಾಳಿಯದು ತುಂಗಭದ್ರೆಯ ದಂಡೆ, ಭತ್ತದ ಗದ್ದೆಗಳ ತೇವ. ನ್ಯಾಮತಿಗೆ ಮಲೆನಾಡಿನ ಸೆರಗಿನ ಮಳೆ. ಜಗಳೂರಿಗೆ ಬಿಸಿಲು, ಬರ, ಮೆಕ್ಕೆಜೋಳ ಒಕ್ಕುವಾಗ ಏಳುವ ದೂಳು. ಎಕ್ಸ್‌ರೇ ಯಂತ್ರವಾಗಲಿ, ಅಲ್ಟ್ರಾಸೌಂಡ್ ಯಂತ್ರವಾಗಲಿ, ಈ ನಾಲ್ಕೂ ಕಡೆ ಬಾಳಿಕೆ ಬರಬೇಕಾದರೆ ಅದರ ಒಳಗಿನ ತಂತ್ರಜ್ಞಾನದಷ್ಟೇ ಹೊರಗಿನ ಕವಚವೂ ಗಟ್ಟಿಯಿರಬೇಕು.

ಯಂತ್ರ ಕೊಳ್ಳುವಾಗ ಚಿತ್ರ ಎಷ್ಟು ಸ್ಪಷ್ಟ, ಬೆಲೆ ಎಷ್ಟು ಎಂದು ವಿಚಾರಿಸುತ್ತೇವೆ. ಕವಚ ಬರೀ ಅಂದಕ್ಕೆ ಎಂದು ಬಿಟ್ಟುಬಿಡುತ್ತೇವೆ. ಆದರೆ ರೋಗಿಯನ್ನು, ಸಿಬ್ಬಂದಿಯನ್ನು, ಕೊನೆಗೆ ಯಂತ್ರವನ್ನೂ ಕಾಯುವುದು ಅದೇ.

ಕವಚ ಕಾಯುವುದು ಹೇಗೆ?

ಎಕ್ಸ್‌ರೇ ಟ್ಯೂಬಿಗೆ ಹರಿಯುವ ಶಕ್ತಿಯಲ್ಲಿ ಸುಮಾರು ಶೇ 1ರಷ್ಟು ಮಾತ್ರ ಕಿರಣವಾಗುತ್ತದೆ. ಉಳಿದ ಶೇ 99 ಶಾಖವಾಗಿ ಹೋಗುತ್ತದೆ. ಟ್ಯೂಬನ್ನು ಸೀಸದ ಪದರವಿರುವ ಲೋಹದ ಗೂಡಿನೊಳಗೆ ಕೂರಿಸುತ್ತಾರೆ. ಬೇಡದ ದಿಕ್ಕಿಗೆ ಸೋರುವ ಕಿರಣ 1 ಮೀಟರ್ ದೂರದಲ್ಲಿ ಗಂಟೆಗೆ 1 ಮಿಲಿಗ್ರೇ ಮೀರಬಾರದು ಎಂಬುದು ನಿಯಮ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಇಲ್ಲದೆ ನಮ್ಮ ದೇಶದಲ್ಲಿ ಎಕ್ಸ್‌ರೇ ಘಟಕ ನಡೆಸುವಂತಿಲ್ಲ.

ಬಿಸಿ ಹೊರಹೋಗಲು ಕಿಂಡಿ ಬೇಕು. ಆದರೆ ಅದೇ ಕಿಂಡಿಯಿಂದ ದೂಳು ಒಳಹೋಗುತ್ತದೆ, ದೊಡ್ಡದಾದರೆ ಇಲಿಯೂ ನುಗ್ಗಿ ಕೇಬಲ್ ಕಡಿಯುತ್ತದೆ. ಈ ಇಕ್ಕಟ್ಟನ್ನು ಬಿಡಿಸುವುದೇ ವಿನ್ಯಾಸಕರ ಕಸುಬು. ಕಿಂಡಿಗೆ ಜಾಲರಿ ಇರಬೇಕು, ಜಾಲರಿಯ ಹಿಂದಿನ ಫಿಲ್ಟರನ್ನು ತಂತ್ರಜ್ಞರೇ ಕೈಯಲ್ಲಿ ತೆಗೆದು ಕೊಡವುವಂತಿರಬೇಕು. ಯಂತ್ರಗಳ ಮೇಲೆ ಕಾಣುವ ‘ಐಪಿ 54’ ಎಂಬ ಗುರುತಿನಲ್ಲಿ 5 ದೂಳಿನ ತಡೆಗೆ, 4 ಎಲ್ಲ ಕಡೆಯಿಂದ ಸಿಡಿಯುವ ನೀರಿನ ತಡೆಗೆ ಸಿಕ್ಕ ಅಂಕ. ಜಗಳೂರಿನವರು ಮೊದಲ ಅಂಕಿಯನ್ನು ನೋಡಬೇಕು, ನ್ಯಾಮತಿಯವರು ಎರಡನೆಯದನ್ನೂ ಬಿಡಬಾರದು.

ಇನ್ನು ಶುಚಿತ್ವ. ಒಬ್ಬ ರೋಗಿ ಎದ್ದ ಮೇಲೆ ಯಂತ್ರವನ್ನು ಸೋಂಕುನಿವಾರಕದಿಂದ ಒರೆಸುತ್ತಾರೆ. ಪಾಲಿಕಾರ್ಬೊನೇಟಿನಂಥ ಪ್ಲಾಸ್ಟಿಕ್‌ಗಳು ಕೆಲವು ರಾಸಾಯನಿಕ ತಗುಲಿದರೆ ಕಾಲಕ್ರಮೇಣ ಬಿರುಕು ಬಿಡುತ್ತವೆ. ಬಿರುಕಿನಲ್ಲಿ ಕೊಳೆ ಕೂರುತ್ತದೆ, ರೋಗಾಣು ಉಳಿಯುತ್ತದೆ. ಹಾಗಾಗಿ ಸಂದುಗೊಂದು ಕಡಿಮೆ, ಮೂಲೆ ದುಂಡು, ಮೈ ನಯ ಇರುವ ಕವಚವೇ ಒಳ್ಳೆಯದು.

ಭಯ ಕಳೆಯುವ ರೂಪ

1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್‌ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಯಂತ್ರದಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಸಿ.ಟಿ. ಸ್ಕ್ಯಾನ್ ನಡೆಯಿತು. ಆ ಯಂತ್ರದಲ್ಲಿ ರೋಗಿಯ ತಲೆಯನ್ನು ರಬ್ಬರ್ ಟೋಪಿಯೊಳಗೆ, ನೀರು ತುಂಬಿದ ಪೆಟ್ಟಿಗೆಗೆ ತೂರಿಸಬೇಕಿತ್ತು. ಈಗಿನ ಸಿ.ಟಿ. ಯಂತ್ರದ ಬಾಯಿ ಸಾಮಾನ್ಯವಾಗಿ 70 ಸೆಂ.ಮೀ. ಅಗಲ. ಆದರೂ ಒಳಗೆ ಮಲಗುವ ಮಗುವಿಗೆ, ಅಜ್ಜಿಗೆ ಅಂಜಿಕೆ ತಪ್ಪಿಲ್ಲ.

ಜಿ.ಇ. ಕಂಪನಿಯ ವಿನ್ಯಾಸಕ ಡಗ್ ಡೀಟ್ಜ್ ತಾವೇ ರೂಪಿಸಿದ ಎಂಆರ್‌ಐ ಯಂತ್ರ ಕಂಡು ಮಗುವೊಂದು ಅತ್ತದ್ದನ್ನು ನೋಡಿ ಕಳವಳಗೊಂಡರು. ಮುಂದೆ ಪಿಟ್ಸ್‌ಬರ್ಗ್‌ನ ಮಕ್ಕಳ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಯಂತ್ರವನ್ನೂ ಕೋಣೆಯನ್ನೂ ಕಡಲ್ಗಳ್ಳರ ಹಡಗಿನಂತೆ ಸಿಂಗರಿಸಿದರು. ಒಳಗಿನ ಯಂತ್ರ ಬದಲಾಗಲಿಲ್ಲ. ಹೊರಗಿನ ರೂಪ ಬದಲಾದದ್ದಕ್ಕೇ ಅರಿವಳಿಕೆ ಕೊಟ್ಟು ಮಲಗಿಸಬೇಕಾದ ಮಕ್ಕಳು ಕಡಿಮೆಯಾದರು.

ಬೆಂಗಳೂರು ತೋರಿದ ದಾರಿ

ಇಲ್ಲಿನ ಸ್ಥಿತಿಗತಿಗೆ ತಕ್ಕ ಯಂತ್ರ ಇಲ್ಲಿಯೇ ಆಗಬಲ್ಲದು ಎಂಬುದಕ್ಕೆ ಬೆಂಗಳೂರಿನ ಫೋರಸ್ ಹೆಲ್ತ್ ಸಾಕ್ಷಿ. 2010ರಲ್ಲಿ ಕೆ. ಚಂದ್ರಶೇಖರ್ ಮತ್ತು ಶ್ಯಾಮ್ ವಾಸುದೇವ್ ಕಟ್ಟಿದ ಈ ಸಂಸ್ಥೆ ‘ತ್ರಿನೇತ್ರ’ ಎಂಬ ಕಣ್ಣಿನ ಕ್ಯಾಮೆರಾ ತಂದಿತು. ಪಾಪೆ ಹಿಗ್ಗಿಸುವ ಹನಿ ಹಾಕದೆಯೇ ಅಕ್ಷಿಪಟದ ಚಿತ್ರ ತೆಗೆಯಬಹುದು. ತಪಾಸಣಾ ಶಿಬಿರಕ್ಕೆ ಹೊತ್ತೊಯ್ಯಬಹುದು.

ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಕಣ್ಣು ಉಳಿಸಲು ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ 2008ರಲ್ಲಿ ಆರಂಭಿಸಿದ ‘ಕಿಡ್‌ರಾಪ್’ ಯೋಜನೆಯಲ್ಲಿ ಕ್ಯಾಮೆರಾವೇ ಊರೂರಿನ ನವಜಾತ ಶಿಶು ಘಟಕಗಳಿಗೆ ಹೋಗುತ್ತದೆ. ತರಬೇತಿ ಪಡೆದ ತಂತ್ರಜ್ಞರು ತೆಗೆದ ಚಿತ್ರವನ್ನು ತಜ್ಞರು ದೂರದಿಂದ ನೋಡುತ್ತಾರೆ. ಹೀಗೆ ಹಳ್ಳಿ ರಸ್ತೆಯ ಕುಲುಕಾಟ ತಾಳಿ, ಪ್ರತಿ ಮಗುವಿನ ನಂತರ ಶುಚಿಗೊಳಿಸಿಕೊಂಡು ಕೆಲಸ ಮಾಡುವ ಸಾಧನಕ್ಕೆ ಕವಚವೇ ಅರ್ಧ ಬಲ.

2024ರ ಡಿಸೆಂಬರ್ 7ರಂದು ಶುರುವಾದ ಕ್ಷಯಮುಕ್ತ ಭಾರತದ 100 ದಿನಗಳ ಅಭಿಯಾನದಲ್ಲಿ ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರಗಳು ಬಳಕೆಯಾದವು. ಬೆಂಗಳೂರಿನ ಪ್ರೊಗ್ನೊಸಿಸ್ ಸಂಸ್ಥೆಯೂ ಇಂಥ ಯಂತ್ರ ತಯಾರಿಸುತ್ತದೆ. ಹೊನ್ನಾಳಿ, ನ್ಯಾಮತಿಯ ತಾಂಡಾಗಳಿಗೆ, ಚನ್ನಗಿರಿಯ ಅಡಿಕೆ ಸುಲಿಯುವ ಮನೆಗಳಿಗೆ ತಪಾಸಣೆಯೇ ನಡೆದು ಹೋಗಬೇಕೆಂದರೆ ಇಂಥವೇ ಬೇಕು. ಕಿರಣ ತಡೆಯುವ ಲೋಹ ಹೆಚ್ಚಾದರೆ ಕೈ ಸೋಲುತ್ತದೆ, ಕಡಿಮೆಯಾದರೆ ಹಿಡಿದವರಿಗೇ ಅಪಾಯ. ಭಾರ ಹಿಡಿಕೆಯ ಬಳಿಯೇ ನಿಲ್ಲಬೇಕು. ಕೈಜಾರಿ ಬಿದ್ದರೂ ಒಡೆಯಬಾರದು.

ನಮ್ಮಿಂದಾಗುವ ಕೆಲಸ

ದಾವಣಗೆರೆಯಲ್ಲಿ 1951ರಿಂದ ಯುಬಿಡಿಟಿ, 1979ರಿಂದ ಬಿಐಇಟಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಜೆಜೆಎಂ ವೈದ್ಯಕೀಯ ಕಾಲೇಜೂ ಅದೇ ಊರಿನಲ್ಲಿದೆ. ಅಂತಿಮ ವರ್ಷದ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ವಿಷಯ ಹುಡುಕುತ್ತ ದೂರ ಹೋಗಬೇಕಿಲ್ಲ. ಜಗಳೂರಿನ ಬೇಸಿಗೆಯಲ್ಲಿ, ನ್ಯಾಮತಿಯ ಮಳೆಗಾಲದಲ್ಲಿ ಯಂತ್ರದ ಮೈಗೆ ಏನಾಗುತ್ತದೆ ಎಂದು ತಂತ್ರಜ್ಞರ ಜೊತೆ ಕೂತು ಬರೆದಿಟ್ಟರೂ ಅದು ಯಾವ ಕಂಪನಿಯ ಬಳಿಯೂ ಸಿಗದ ಮಾಹಿತಿಯಾದೀತು.

ಯಂತ್ರ ಕೊಳ್ಳುವ ಅಧಿಕಾರಿಗಳು, ದಾನ ಕೊಡುವ ಸಂಘ–ಸಂಸ್ಥೆಗಳು ಟೆಂಡರಿಗೆ ಮುನ್ನ ನಾಲ್ಕು ಪ್ರಶ್ನೆ ಕೇಳಲಿ: ದೂಳು–ನೀರಿನ ತಡೆಗೆ ಎಷ್ಟು ಅಂಕ? ನಮ್ಮ ಆಸ್ಪತ್ರೆಯ ಸೋಂಕುನಿವಾರಕವನ್ನು ಕವಚ ತಾಳುತ್ತದೆಯೇ? ಫಿಲ್ಟರನ್ನು ನಮ್ಮ ಸಿಬ್ಬಂದಿಯೇ ತೆಗೆದು ತೊಳೆಯಬಹುದೇ? ಒಡೆದ ಭಾಗ ಎಷ್ಟು ದಿನದಲ್ಲಿ ಸಿಗುತ್ತದೆ? ಇವಕ್ಕೆ ಬರಹದಲ್ಲಿ ಉತ್ತರ ಕೊಡದವರಿಂದ ಯಂತ್ರ ಕೊಳ್ಳುವುದು ಬೇಡ.